ಮೂರು ಚುಕ್ಕೆ, ಒಂದು ಗೆರೆ

ನಾನು ಮೊದಲೇ ಸಿಡುಕಿ. ಹನ್ನೊಂದನೇ ಸೈನ್ಸಿನ ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಆ್ಯಸಿಡ್ ಬಾಟ್ಲಿ’ ಅನ್ನುತ್ತಾರೆ, ಗೊತ್ತು. ಅನ್ನಲಿ. ಆ ಹೆಸರಿನ ಪುಣ್ಯದಿಂದ ನನ್ನ ಪಿರಿಯಡ್ಡಿನಲ್ಲಿ ಒಂದು ನರಪಿಳ್ಳೆಯೂ ಉಸಿರೆತ್ತುವುದಿಲ್ಲ. ದಿನಾ ಬೆಳಿಗ್ಗೆ ಏಳು ಹತ್ತರ ಎಸ್.ಟಿ. ಬಸ್ಸು ಹಿಡಿದು ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗಿ ಕೆಮಿಸ್ಟ್ರಿ ಕಲಿಸುತ್ತೇನೆ. ಪುಸ್ತಕ ಇಂಗ್ಲಿಷಿನಲ್ಲಿ, ಮಕ್ಕಳ ಟಿಪ್ಪಣಿ ಮರಾಠಿಯಲ್ಲಿ, ಬಾಯಿ ಬಿಟ್ಟರೆ ಕನ್ನಡ. ಇದರೊಳಗೆ ಪೋಲಾರ್ ಯಾವುದು, ನಾನ್-ಪೋಲಾರ್ ಯಾವುದು ಎಂದು ತಿಳಿಸಿ ಹೇಳುವಷ್ಟರಲ್ಲಿ ಗಂಟಲು ಹರಿದುಹೋಗುತ್ತದೆ.

ಅವತ್ತು ಗುರುವಾರ. ಬಸ್ಸಿನ ತುಂಬ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟವರು. ನಲವತ್ತು ಕಿಲೋಮೀಟರ್ ನಿಂತುಕೊಂಡೇ ಬಂದಿದ್ದೆ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಮೇಜಿನ ಮೇಲೆ ಎರಡು ಗ್ಲಾಸು ನೀರಿಟ್ಟು ಒಂದಕ್ಕೆ ಉಪ್ಪು ಹಾಕಿದೆ, ಇನ್ನೊಂದಕ್ಕೆ ಶೇಂಗಾ ಎಣ್ಣೆ ಸುರಿದೆ.

“ಕಣ್ಣು ಬಿಟ್ಟು ನೋಡ್ರಿ. ನೀರಿನ ಅಣುವಿನ್ಯಾಗ ಆಕ್ಸಿಜನ್ ಭಾಳ ಸ್ವಾರ್ಥಿ. ಎಲೆಕ್ಟ್ರಾನ್ ಎಲ್ಲಾ ತನ್ನ ಕಡೆ ಎಳಕೋತೈತಿ. ಅದಕ್ಕ ಆ ಮಗ್ಗಲ ಸ್ವಲ್ಪ ಮೈನಸ್, ಈ ಮಗ್ಗಲ ಸ್ವಲ್ಪ ಪ್ಲಸ್. ಇದು ಪೋಲಾರ್. ಎಣ್ಣ್ಯಾಗ ಕಾರ್ಬನ್, ಹೈಡ್ರೋಜನ್ ಹೆಚ್ಚುಕಮ್ಮಿ ಸಮಾ ಹಂಚಕೊಂಡು ಕುಂತಿರತಾವ. ಅದು ನಾನ್-ಪೋಲಾರ್. ನೀರು ತನ್ನಂಥಾದ್ದನ್ನ ಒಳಗ ಕರಕೋತೈತಿ. ಉಪ್ಪು ಹೋತು. ಎಣ್ಣಿ ನೋಡ್ರಿ, ನಾಳಿತನ ಕಲಕಿದ್ರೂ ಮ್ಯಾಲ ಕುಂತಿರತೈತಿ.”

ಎರಡನೇ ಬೆಂಚಿನ ಪ್ರಾಜಕ್ತಾ ಕೈ ಎತ್ತಿದಳು. “ಮ್ಯಾಡಂ, ಕಾರ್ಬನ್ ಡೈಆಕ್ಸೈಡಿನ್ಯಾಗೂ ಆಕ್ಸಿಜನ್ ಐತಲ್ರಿ. ಅದೂ ಎಳೀತೈತಿ. ಮತ್ತ ಅದ್ಯಾಕ ನಾನ್-ಪೋಲಾರ್?”

ಹುಡುಗಿ ಜಾಣೆ. ಹೊಗಳಿದರೆ ತಲೆ ಮೇಲೆ ಕೂಡುತ್ತಾರೆಂದು ಹೊಗಳಲಿಲ್ಲ. “ಆ ಕಡೆ ಒಂದು ಆಕ್ಸಿಜನ್, ಈ ಕಡೆ ಒಂದು. ಇಬ್ರೂ ಸಮಾ ಎಳೀತಾರ. ನಡುವಿನ ಕಾರ್ಬನ್ ಎತ್ತಾಗೂ ಸರಿಯೂದಿಲ್ಲ. ಎಳೆತ ಇಲ್ಲಂತಲ್ಲ. ಒಟ್ಟಿನ್ಯಾಗ ಸೊನ್ನಿ ಅಷ್ಟ,” ಎಂದೆ.

ಆಗ ಬಾಗಿಲಲ್ಲಿ ನಮ್ಮ ಕಾಲೇಜಿನ ಸಿಪಾಯಿ ಬೀರವ್ವ ಬಂದು ನಿಂತಳು. “ಮ್ಯಾಡಂ, ಸ್ಟಾಫ್ ರೂಮಿನ್ಯಾಗ ಪೊಲೀಸರು ಬಂದಾರ. ನಿಮ್ಮನ್ನ ಕೇಳಾಕತ್ತಾರ.”

ಬಂದವರು ಒಬ್ಬರೇ. ಕಲ್ಲಣ್ಣ ಎಂಬ ಹವಾಲ್ದಾರರು, ಐವತ್ತರ ಮೇಲಿನವರು. ಮೊಣಕಾಲ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಚಹಾ ಬೇಡವೆಂದು ಕುಳಿತಿದ್ದರು. ಅಕ್ಕಲಕೋಟ ತಾಲೂಕಿನ ಒಂದು ಠಾಣೆಗೆ ಹೊಸದಾಗಿ ಬಂದಿದ್ದಾರಂತೆ. ಅಲ್ಲಿನ ಸಾಮಾನಿನ ಕೋಣೆ ಸ್ವಚ್ಛ ಮಾಡಿಸುವಾಗ ಈ ಚೀಲ ಸಿಕ್ಕಿತಂತೆ. “ಕೆರ್‍ಯಾಗ ಸಿಕ್ಕ ಹೆಣದ ಮೈಮ್ಯಾಲಿನ ಬಟ್ಟಿರಿ ಇವು. ನಾಕೈದು ದಿನ ನೀರಾಗ ಇತ್ತು. ಮುಖ ಗುರುತು ಹಿಡಿಯೂಹಂಗ ಇದ್ದಿದ್ದಿಲ್ಲ. ಯಾರೂ ಕೇಳಕೊಂಡ ಬರಲಿಲ್ಲ, ನಮ್ಮವರ ಮಣ್ಣು ಮಾಡಿದ್ರು. ಕಿಸ್ಯಾಗ ಒಂದು ಚೀಟಿ ಇತ್ತು, ಅಕ್ಷರ ಎಲ್ಲಾ ಅಳಿಸಿ ಹೋಗ್ಯಾವ. ಕಾಲರಿನ ಒಳಗ ಮಾತ್ರ ಒಂದು ಕರೀ ಗುರ್ತು ಐತಿ, ಅದು ಹೋಗಿಲ್ಲ. ಇದ್ಯಾವ ಶಾಯಿ ಅಂತ ನೀವು ಹೇಳಿದ್ರ ಹುಡುಕಾಕ ದಾರಿ ಆಗತೈತಿ.”

“ಯಾವಾಗಿಂದಿದು?” ಎಂದೆ.

“ಹದಿನಾಕು ತಿಂಗಳಾತು.”

ನನ್ನ ತಮ್ಮ ಸ್ವಪ್ನಿಲ ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಹವಾಲ್ದಾರರು ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಆಕಾಶ ಬಣ್ಣ, ಬಿಳಿ ಗೆರೆ. ಅದನ್ನು ನಾನು ಎಂದೂ ನೋಡಿರಲಿಲ್ಲ. ಕಾಲರು ಮಡಚಿ ತೋರಿಸಿದರು. ಮೂರು ಚುಕ್ಕೆ, ಅದರ ಕೆಳಗೆ ಒಂದು ಗೆರೆ. ಗೆರೆಯ ಬಲಗಡೆ ತುದಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ಹಾಗೆ ಗೆರೆ ಎಳೆಯುವವರು ಸೊಲ್ಲಾಪುರದಲ್ಲಿ ಒಬ್ಬರೇ.

“ಇದು ಶಾಯಿ ಅಲ್ರಿ,” ಎಂದೆ. “ಬಿಬ್ಬಾ. ನಮ್ಮಪ್ಪ ಹಾಕಿದ್ದು.”

ನಾವು ಪರೀಟರು. ಬಟ್ಟೆ ಒಗೆಯುವ ಮನೆತನ. ಅಪ್ಪ ಧೂಳಪ್ಪ ಐವತ್ತು ವರ್ಷದಿಂದ ಸಾಖರಪೇಠದಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದಾನೆ. ಬಿಬ್ಬಾ ಎಂದರೆ ಹಳಬರು ಕೇರುಬೀಜ ಎನ್ನುವುದು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ಪೋಣಿಸುತ್ತಾರಲ್ಲ, ಅದೇ. ಸೂಜಿ ಚುಚ್ಚಿದರೆ ಕರಿ ಎಣ್ಣೆಯಂಥ ರಸ ಬರುತ್ತದೆ. ಮೈಗೆ ತಾಗಿದರೆ ಬೊಬ್ಬೆ. ಬಟ್ಟೆಗೆ ಚುಕ್ಕೆಯಿಟ್ಟು ಮೇಲೆ ಸುಣ್ಣ ಸವರಿದರೆ ಬಟ್ಟೆ ಹರಿದು ಚಿಂದಿಯಾದರೂ ಚುಕ್ಕೆ ಹೋಗುವುದಿಲ್ಲ. ಆ ರಸದ ಅಣುವಿಗೆ ಕಾರ್ಬನ್ನಿನ ಉದ್ದ ಬಾಲ ಇರುತ್ತದೆ, ನೀರಿಗೆ ಅದು ಬಗ್ಗುವುದಿಲ್ಲ. ಇದು ನಾನು ಎಂ.ಎಸ್ಸಿ.ಯಲ್ಲಿ ಕಲಿತದ್ದು. ಅಪ್ಪನಿಗೆ ಸಾಲಿಯಲ್ಲಿ ಎರಡನೇ ಇಯತ್ತೆಯೂ ಪೂರ್ತಿ ಆಗಿಲ್ಲ, ಆದರೆ ಒಂದೊಂದು ಮನೆಗೆ ಒಂದೊಂದು ಗುರುತು ಹಾಕಿ ಇನ್ನೂರು ಮನೆಯ ಬಟ್ಟೆ ತಪ್ಪದೆ ವಾಪಸು ಕೊಡುತ್ತಾನೆ.

ನಮ್ಮ ಮನೆಯಲ್ಲಿ ಎರಡು ಕಟ್ಟಳೆ. ಮನೆಯವರ ಬಟ್ಟೆಗೆ ಬಿಬ್ಬಾ ತಾಗಿಸಬಾರದು, ತಾಗಿಸಿದರೆ ಮನೆಯವರು ಪರರ ಪಾಲಾಗುತ್ತಾರೆ ಎಂದು ಅಜ್ಜನ ಕಾಲದಿಂದ ನಂಬಿಕೆ. ಇನ್ನೊಂದು, ಗಿರಾಕಿಗಳ ಬಟ್ಟೆ ಮೈಮೇಲೆ ಹಾಕಬಾರದು. ‘ಪರೀಟರ ಮಕ್ಕಳಿಗೆ ದಿನಾ ದೀಪಾವಳಿ, ಊರವರ ಅಂಗಿ ತೊಡತಾರ’ ಎಂದು ಸಾಲಿಯಲ್ಲಿ ನಮ್ಮನ್ನು ಆಡಿಕೊಂಡವರಿಗೆ ಲೆಕ್ಕವಿಲ್ಲ. ಅದಕ್ಕೇ ಅಪ್ಪ ಈ ವಿಷಯದಲ್ಲಿ ರಾಕ್ಷಸ. ಹಾಗಾಗಿ ಗುರುತು ಇದ್ದ ಅಂಗಿ ನಮ್ಮ ಮನೆಯದಾಗಿರಲಿಕ್ಕೇ ಸಾಧ್ಯವಿಲ್ಲ. ಇದನ್ನು ನಾನು ನನಗೇ ನಾಲ್ಕು ಸಲ ಹೇಳಿಕೊಂಡೆ. ಎದೆಯ ಭಾರ ಸ್ವಲ್ಪ ಇಳಿಯಿತು.

ಗುರುತು ಯಾವ ಮನೆಯದೆಂದು ಅಪ್ಪನೇ ಹೇಳಬೇಕು. ಹವಾಲ್ದಾರರು ಜೀಪು ತಂದಿದ್ದರು. ನಾನು ಪೊಲೀಸ್ ಜೀಪು ಹತ್ತುವುದನ್ನು ನೋಡಲು ಇಡೀ ಕಾಲೇಜು ಕಿಟಕಿಗೆ ಬಂತು. ಮಂಗ್ಯಾನ ಮಕ್ಕಳು.

ದಾರಿಯುದ್ದಕ್ಕೂ ನಾನು ಆ ಚೀಟಿಯನ್ನೇ ಹಿಡಿದಿದ್ದೆ. ಮಡಚಿದ ಕಾಗದ, ಅದರ ಮೇಲೆ ತಿಳಿನೀಲಿ ಕಲೆ. ಜೆಲ್ ಪೆನ್ನು. ಅದರ ಶಾಯಿ ನೀರಿನದು, ನೀರಿನಲ್ಲೇ ಹೋಯಿತು. ಬಾಲ್ ಪೆನ್ನಿನಲ್ಲಿ ಬರೆದಿದ್ದರೆ ಅದು ಎಣ್ಣೆ ಜಾತಿಯ ಶಾಯಿ, ಐದು ದಿನ ಕೆರೆಯಲ್ಲಿದ್ದರೂ ನಾಲ್ಕು ಅಕ್ಷರವಾದರೂ ಉಳಿಯುತ್ತಿತ್ತು. ಇಂಥದ್ದು ತಲೆಯಲ್ಲಿ ಓಡುತ್ತಿತ್ತು. ಬೇರೆ ಏನೂ ಅನ್ನಿಸುತ್ತಿರಲಿಲ್ಲ. ಪ್ರಾಜಕ್ತಾಗೆ ಹೇಳಿದ ಆ ಕಾರ್ಬನ್ನಿನ ಹಾಗೆ ಕುಳಿತಿದ್ದೆ.

ಸ್ವಪ್ನಿಲ ಹೋದ ದಿನದ್ದು ಹೇಳಬೇಕು. ಯಾರಿಗೂ ಹೇಳಿಲ್ಲ.

ಅವನು ಪುಣೆಯ ಒಂದು ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಮೂರು ವರ್ಷ ದುಡಿದು ವಾಪಸು ಬಂದಿದ್ದ. ಹಿಂದಿನ ಕೋಣೆಯಲ್ಲಿ ಒಂದು ಟಬ್ಬು, ಪೆಟ್ರೋಲಿನ ಜಾತಿಯ ಒಂದು ದ್ರವದ ಕ್ಯಾನು ಇಟ್ಟುಕೊಂಡು ತನ್ನದೇ ಕೆಲಸ ಶುರು ಮಾಡಿದ್ದ. ಅಪ್ಪನಿಗೆ ಅದು ಕಣ್ಣಲ್ಲಿ ಬಿದ್ದ ಕಸ. “ನೀರು ಕಾಣಲಾರದ ಬಟ್ಟಿ ಸ್ವಚ್ಛ ಹೆಂಗಾಗತೈತ್ಯೋ ಮಗನ?” ಎಂದು ದಿನಾ ರಾಮಾಯಣ. ಅಷ್ಟರಲ್ಲಿ ಬಾಳಿವೇಸದ ಅಕ್ಕನಾಗಮ್ಮನವರ ರೇಷ್ಮೆ ಸೀರೆ ಬಂತು. ಕೆನೆ ಬಣ್ಣದ ಮೈ, ಕೆಂಪು ಅಂಚು, ಸೆರಗಿನ ಮೇಲೆ ಮದುವೆ ಊಟದ ಎಣ್ಣೆ. ಸ್ವಪ್ನಿಲ ಅದನ್ನು ತನ್ನ ಟಬ್ಬಿಗೆ ಎತ್ತಿಟ್ಟಿದ್ದ. ರಾತ್ರಿ ಅಪ್ಪ ತೆಗೆದು ನೀರಲ್ಲಿ ನೆನೆಸಿಬಿಟ್ಟ. ಬೆಳಿಗ್ಗೆ ನೋಡಿದರೆ ಅಂಚಿನ ಕೆಂಪು ಇಡೀ ಮೈಗೆ ಇಳಿದಿತ್ತು, ಎಣ್ಣೆಯ ಕಲೆ ಎಲ್ಲಿತ್ತೋ ಅಲ್ಲೇ ಇತ್ತು. ಹೋಗಬೇಕಾದ್ದು ಉಳಿದು, ಉಳಿಯಬೇಕಾದ್ದು ಹೋಗಿತ್ತು. ಅಪ್ಪ ಅಕ್ಕನಾಗಮ್ಮನವರಿಗೆ ಫೋನ್ ಮಾಡಿ, “ನನ್ನ ಮಗ ಕೆಡಸ್ಯಾನ್ರಿ ಅಕ್ಕಾರ, ಅವನ ಪೆಟ್ರೋಲಿನಿಂದ ಆಗೇತಿ,” ಎಂದ. ಸ್ವಪ್ನಿಲ ಎದುರಿಗೇ ನಿಂತಿದ್ದ.

ಅವನು ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ. “ಅಕ್ಕಾ, ನೀ ಹೇಳ. ನೀ ಕಲಸ್ತಿ ಇದನ್ನ. ನೀರಿಗಿ ಬಣ್ಣ ಹೋಗತೈತಿ, ಎಣ್ಣಿ ಹೋಗೂದಿಲ್ಲ ಅಂತ ಅಪ್ಪಗ ಒಂದು ಮಾತು ಹೇಳ.”

ಒಂದೇ ಮಾತು. ಮೂವತ್ತು ಮಕ್ಕಳಿಗೆ ದಿನಾ ಹೇಳುವ ಮಾತು. ನಾನು ಚಪ್ಪಲಿ ಹಾಕಿಕೊಂಡೆ. “ಬಸ್ ಹೋಗತೈತಿ ನಂದು,” ಎಂದು ಹೊರಟೆ. ಅಪ್ಪನೊಂದಿಗೆ ಬೆಳಿಗ್ಗೆ ಬೆಳಿಗ್ಗೆ ಬಾಯಿಗೆ ಬಾಯಿ ಕೊಡುವ ಶಕ್ತಿ ನನಗಿರಲಿಲ್ಲ. ಇದು ನೆಪ, ನನಗೂ ಗೊತ್ತು.

ಅವತ್ತು ಮಧ್ಯಾಹ್ನ ನಾನು ಕ್ಲಾಸಿನಲ್ಲಿದ್ದಾಗ ಬೀರವ್ವ ಬಂದು, “ನಿಮ್ಮ ತಮ್ಮ ಗೇಟಿನ್ಯಾಗ ನಿಂತಾನ್ರಿ, ಜರಾ ಕರೀರಿ ಅನ್ನಾಕತ್ತಾನ,” ಎಂದಳು. ಸೊಲ್ಲಾಪುರದಿಂದ ಇಲ್ಲಿಯತನಕ ಜಗಳ ಹೊತ್ತು ಬಂದನಲ್ಲ ಎಂದು ಮೈ ಉರಿಯಿತು. “ಪಾಠ ನಡದೈತಿ. ಸಂಜಿ ಮನ್ಯಾಗ ಮಾತಾಡೂಣು ಅಂತ ಹೇಳ ಹೋಗ,” ಎಂದೆ. ಪಾಠ ಮುಗಿಸಿ, ಪೇಪರು ತಿದ್ದಿ, ಸಂಜೆ ಹೊರಗೆ ಬಂದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಮನೆಯಲ್ಲೂ ಇರಲಿಲ್ಲ. ಅವ್ವ, “ನಿನ್ನ ಕಡೆ ಬಂದಿದ್ದನೇನ?” ಎಂದು ಕೇಳಿದಳು. “ಇಲ್ಲ,” ಎಂದೆ. ನಾಳೆ ಫೋನ್ ಮಾಡುತ್ತಾನೆ, ಆಗ ಸರಿಹೋಗುತ್ತದೆ ಎಂದುಕೊಂಡಿದ್ದೆ. ಫೋನ್ ಬರಲಿಲ್ಲ. ಒಂದು ವಾರ ಕಳೆದ ಮೇಲೆ ಆ ‘ಇಲ್ಲ’ವನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಯಾರೋ ಅವನನ್ನು ಪುಣೆಯ ಹಡಪಸರದಲ್ಲಿ ನೋಡಿದೆವೆಂದರು. “ಹೊಟ್ಟಿ ಚುರ್ ಅಂದ್ರ ತಾನ ಬರತಾನ, ಪೊಲೀಸರ ಗೊಡವಿ ಬ್ಯಾಡ,” ಎಂದ ಅಪ್ಪ. ನಾವೆಲ್ಲ ಅವನು ಪುಣೆಯಲ್ಲಿದ್ದಾನೆಂದು ನಂಬಿದೆವು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ನಾನು.

ಸಾಖರಪೇಠದಲ್ಲಿ ಜೀಪು ನಿಂತಾಗ ಸುತ್ತಲಿನ ಮಗ್ಗಗಳ ಖಟಖಟದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಅಪ್ಪ ಇಸ್ತ್ರಿ ಮಾಡುತ್ತಿದ್ದ. ಪೊಲೀಸರನ್ನು ನೋಡಿ ಇಸ್ತ್ರಿ ಎತ್ತಿಟ್ಟ. ಹವಾಲ್ದಾರರು ವಿಷಯ ಹೇಳುತ್ತಿದ್ದ ಹಾಗೆ ಅವನ ಮುಖ ಬಿಳಿಚಿಕೊಂಡಿತು. ಕೆರೆ, ಹೆಣ, ಹದಿನಾಲ್ಕು ತಿಂಗಳು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಭಾಗಾಬಾಯಿಯ ಕೈ ಸದ್ದು ನಿಂತಿತು.

ಅಪ್ಪ ಕನ್ನಡಕ ಹಾಕಿಕೊಂಡು ಕಾಲರನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಚುಕ್ಕೆಗಳನ್ನು ಸವರಿದ. ಆಮೇಲೆ ಜೋರಾಗಿ ಉಸಿರು ಬಿಟ್ಟ.

“ಯಪ್ಪಾ ಸಿದ್ದರಾಮೇಶ್ವರಾ! ಮೂರು ಚುಕ್ಕಿ, ಒಂದು ಗೆರಿ. ಇದು ಬಾಳಿವೇಸದ ಸಿದ್ದರಾಮಪ್ಪ ಶೇಠ್ರ ಮನೀದರಿ ಸಾಹೇಬ್ರ. ಖರೇ ಅಂದ್ರ ಖರೇ. ನಮ್ಮ ಮನಿ ಬಟ್ಟಿಗಿ ನಾ ಗುರ್ತು ಹಾಕೂದಿಲ್ಲ, ಕೇಳ್ರಿ ಬೇಕಾದ್ರ ಇಕೀನ.” ನಗು ತಡೆಯಲಾಗದೆ ನನ್ನ ಕಡೆ ತಿರುಗಿ ಬೈದ. “ಅಲ್ಲ ಸಾರಿಕಾ, ಫೋನಿನ್ಯಾಗ ಹೇಳಾಕ ಏನಾಗಿತ್ತ ನಿನಗ? ನನ್ನ ಜೀವ ಬಾಯಿಗಿ ಬಂದಿತ್ತಲ್ಲ!” ಯಾರದೋ ಮನೆಯ ಸಾವಿಗೆ ನಗುತ್ತಿದ್ದೇನೆಂದು ಆಮೇಲೆ ಹೊಳೆದು, ಕೈಮುಗಿದು ಸುಮ್ಮನಾದ. ನನಗೂ ಹಗುರಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಸತ್ತವರು ಶೇಠರ ಮನೆಯವರು ಯಾರಾದರೂ ಆಗಿರಲಿ ಎಂದು ಬೇಡಿಕೊಂಡೆ.

ಒಳಗಿನಿಂದ ಅವ್ವ ಕೇಳಿದಳು. “ಯಾವ ಬಣ್ಣದ್ದರಿ ಅಂಗಿ?”

“ಆಕಾಶ ಬಣ್ಣರಿ ಬಾಯಾರ. ಬಿಳಿ ಗೆರಿ ಅದಾವ,” ಎಂದರು ಹವಾಲ್ದಾರರು.

ಅವ್ವ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂರು ತಾಟು ಹಚ್ಚಿದಳು. “ಶೇಠ್ರ ಮನಿ ಎಲ್ಲಿ ಓಡಿಹೋಗತೈತಿ? ಎಲ್ಲಾರೂ ಒಂದೊಂದು ರೊಟ್ಟಿ ತಿಂದು ಹೋಗ್ರಿ. ಸಾಹೇಬ್ರ, ನೀವೂ ಕುಂದರ್ರಿ.” ಹವಾಲ್ದಾರರು ಬೇಡವೆಂದರೂ ಬಿಡಲಿಲ್ಲ. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಪ್ಪ ಎರಡು ರೊಟ್ಟಿ ತಿಂದ. ನಾನೂ ತಿಂದೆ. ಅವ್ವ ಗೋಡೆಗೆ ಒರಗಿ ನಿಂತು ನಾವು ತಿನ್ನುವುದನ್ನು ನೋಡುತ್ತಿದ್ದಳು.

ಸಿದ್ದರಾಮಪ್ಪ ಶೇಠರು ಟವೆಲ್ ವ್ಯಾಪಾರಿಗಳು. ಬಾಗಿಲು ತೆರೆದದ್ದು ಅವರೇ. ಗಟ್ಟಿಮುಟ್ಟಾಗಿದ್ದರು. ಮಗ ಯೋಗಿರಾಜ ಒಳಗಿನಿಂದ ಮೊಬೈಲಿನಲ್ಲಿ ಮಾತಾಡುತ್ತ ಬಂದ. ಅವರ ಮನೆಯಲ್ಲಿ ಗಂಡಸರು ಇಬ್ಬರೇ. ಇಬ್ಬರೂ ನಮ್ಮ ಮುಂದೆ ನಿಂತಿದ್ದರು.

ಹವಾಲ್ದಾರರು ಅಂಗಿ ತೋರಿಸಿದರು. ಶೇಠರು ಕೈಗೆ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ನೋಡಿದರು. “ನಂದ ಅಂಗಿರಿ. ಕಳದಿತ್ತು. ಧೂಳಪ್ಪಾ, ನೆನಪಿಲ್ಲೇನೋ? ಐವತ್ತ ವರ್ಷದಾಗ ಒಂದು ಕರವಸ್ತ್ರ ಕಳದಿದ್ದಿಲ್ಲ ನೀನು, ಇದನ್ನ ಕಳದಿ ಅಂತ ನಾ ನಿನಗ ಬೈದಿದ್ದೆ.”

“ಗಂಟಿನ್ಯಾಗ ಕಟ್ಟಿದ್ದೆರಿ,” ಎಂದ ಅಪ್ಪ ಮೆಲ್ಲಗೆ. “ಇಸ್ತ್ರಿ ಮಾಡಿ ಮ್ಯಾಲ ಇಟ್ಟಿದ್ದೆ. ಹೆಂಗ ಹೋತೋ ತಿಳೀಲಿಲ್ಲ.”

“ಯಾವಾಗ ಕಳದಿದ್ದು?” ಎಂದು ಕೇಳಿದರು ಹವಾಲ್ದಾರರು.

ನೆನಪು ಹೇಳಿದವರು ಶೇಠರ ಹೆಂಡತಿ ಅಕ್ಕನಾಗಮ್ಮ, ಆ ರೇಷ್ಮೆ ಸೀರೆಯವರು. ಚಹಾದ ಕಪ್ಪು ಇಡುತ್ತ, ಏನೂ ಅರಿಯದೆ ಹೇಳಿಬಿಟ್ಟರು. “ನನ್ನ ಸೀರಿ ಕೆಡಸಿದ್ನಲ್ಲರಿ ಇವನ ಮಗಾ, ಆವತ್ತ. ಗಂಟು ಬಂತು, ಸೀರಿ ಹಾಳಾಗಿ ಬಂತು, ಅಂಗಿ ಬರಲೇ ಇಲ್ಲ.”

ಯೋಗಿರಾಜ ಮೊಬೈಲು ಕಿಸೆಗೆ ಹಾಕಿದ. ಹವಾಲ್ದಾರರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. “ನಿಮ್ಮ ಮಗ ಎಲ್ಲಿದಾನ್ರಿ ಈಗ?”

ಅಪ್ಪ ಅಕ್ಕನಾಗಮ್ಮನವರ ಕಡೆ ತಿರುಗಿದ. “ನನ್ನ ಮಗ ಕೆಡಸಲಿಲ್ಲರಿ ಅಕ್ಕಾರ ಆ ಸೀರಿ. ನಾ ಕೆಡಸಿದ್ದು. ಅಂವ ಬ್ಯಾಡ ಬ್ಯಾಡ ಅಂದಿದ್ದ. ನಾ ನೀರಾಗ ಹಾಕಿದೆ. ಸುಳ್ಳ ಹೇಳಿದೆ ನಿಮಗ.” ಇದನ್ನು ಎರಡು ಸಲ ಹೇಳಿದ. ಅದನ್ನು ಯಾರೂ ವಿಚಾರಿಸಿರಲಿಲ್ಲ. ಅಕ್ಕನಾಗಮ್ಮ, “ಹೋಗಲಿ ಬಿಡೋ ಧೂಳಪ್ಪಾ, ಒಂದು ಸೀರಿ ಏನ ಮಹಾ,” ಎಂದು ಸೆರಗು ಬಾಯಿಗೆ ಹಿಡಿದುಕೊಂಡರು.

ನಾನು ಚಹಾ ಕುಡಿದೆ. ಪೂರ್ತಿ ಕಪ್ಪು. ಸಕ್ಕರೆ ಜಾಸ್ತಿಯಾಗಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ಕೈಯಲ್ಲಿ ಕಪ್ಪು ಬಿಸಿ ಇ‍ತ್ತೋ ತಣ್ಣಗಿತ್ತೋ ಅದೂ ನೆನಪಿಲ್ಲ.

ಹೊರಗೆ ಹವಾಲ್ದಾರರು ನನ್ನನ್ನು ಪಕ್ಕಕ್ಕೆ ಕರೆದರು. “ಮ್ಯಾಡಂ, ಅಂಗಿ ಒಂದರಿಂದ ನಿಶ್ಚಯ ಆಗೂದಿಲ್ಲ. ಯಾರರ ಕದ್ದು ಒಯ್ದಿರಬಹುದು. ಹೆಣದ ಎಲುಬಿನ ಜೋಡಿ ತಾಳಿ ನೋಡಾಕ ನಾಳೆ ನಿಮ್ಮ ತಂದಿ ರಕ್ತ ಕೊಡಬೇಕಾಗತೈತಿ. ಲ್ಯಾಬಿನಿಂದ ಬರಾಕ ಟೈಮ್ ಹಿಡೀತೈತಿ. ಆವತ್ತ ಅಂವ ಅಕ್ಕಲಕೋಟದ ಕಡೆ ಯಾಕ ಬಂದಿದ್ದಾನು, ನಿಮಗೇನರ ಗೊತ್ತೈತೇನ್ರಿ?”

ಬಾಯಿ ತೆರೆದೆ. ಅಪ್ಪ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದ. “ನಾಳೆ ಬರತೀವಲ್ರಿ, ಹೇಳತೀನಿ,” ಎಂದೆ. ಆವತ್ತೂ ಸಂಜೆಗೆ ಮಾತಾಡೋಣವೆಂದೇ ಹೇಳಿ ಕಳಿಸಿದ್ದೆ.

ಜೀಪು ನಮ್ಮನ್ನು ಓಣಿಯ ತುದಿಗೆ ಬಿಟ್ಟು ಹೋಯಿತು. ಅಪ್ಪ ನನ್ನ ಕೈ ಹಿಡಿದ. ನನಗೆ ತಿಳುವಳಿಕೆ ಬಂದ ಮೇಲೆ ಅವನು ನನ್ನ ಕೈ ಹಿಡಿದದ್ದೇ ಇಲ್ಲ. “ನಿಮ್ಮವ್ವಗ ಹೇಳಬ್ಯಾಡ ಸಾರಿಕಾ. ರಕ್ತದ ರಿಪೋರ್ಟ ಬರಲಿ. ಯಾರೋ ಕದ್ದಿದ್ದರಂತ ಹೇಳೂಣು. ಅಲ್ಲಿತನ ಆಕೀನಾರ ಉಣ್ಣಲಿ, ಮಕ್ಕೊಳ್ಳಲಿ.” ಆಮೇಲೆ ದನಿ ತಗ್ಗಿಸಿ, “ಅಂವ ನಮ್ಮಂವ ಅಲ್ಲಂತ ಬರಬಹುದಲ್ಲ? ನೀ ಓದಿದಾಕಿ. ಬರಬಹುದಲ್ಲ?” ಎಂದ.

ಬರಬಹುದು ಎಂದೆ. ಎಷ್ಟು ಸುಲಭ ಈ ಬಾಯಿಗೆ.

ಅವ್ವ ಅಂಗಳದಲ್ಲಿ ಒಗೆಯುವ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಕೆಲಸವಿಲ್ಲದೆ ಅವಳು ಕುಳಿತದ್ದನ್ನು ನಾನು ನೋಡಿಲ್ಲ. ಅಪ್ಪ ಚಪ್ಪಲಿ ಬಿಡುತ್ತ, ತಲೆ ಎತ್ತದೆ ಹೇಳಿದ. “ಶೇಠ್ರದ ಅಂಗಿ ಅದು. ಯಾರೋ ಕಳ್ಳ ಒಯ್ದಿದ್ನಂತ. ಶೇಠ್ರೂ ಆರಾಮ ಅದಾರ, ಯೋಗಿರಾಜೂ ಆರಾಮ ಅದಾನ.”

ಅವ್ವ ನನ್ನನ್ನು ನೋಡಿದಳು.

ಹಿಂದೆ ಒಂದು ಸಲ ಇದೇ ಅಂಗಳದಲ್ಲಿ ಒಂದು ಮಾತು ಹೇಳಲಾರದೆ ನಾನು ಚಪ್ಪಲಿ ಹಾಕಿಕೊಂಡು ಹೊರಟಿದ್ದೆ. ಈಗ ಬಿಟ್ಟ ಚಪ್ಪಲಿ ಬಿಟ್ಟ ಹಾಗೇ ಇರಲಿ ಎಂದು ಅವಳ ಮುಂದೆ ನೆಲಕ್ಕೆ ಕುಳಿತೆ. “ಅವ್ವಾ, ಅಪ್ಪ ಖರೇ ಹೇಳವಲ್ಲ. ಆ ಅಂಗಿ ಸ್ವಪ್ನಿಲ ಹೋದ ದಿನಾನ ನಮ್ಮ ಮನಿಯಿಂದ ಕಳದಿದ್ದು. ಅದು ನಮ್ಮ ಸ್ವಪ್ನಿಲ ಇರಬೇಕವ್ವಾ.”

“ಹೌದು,” ಎಂದಳು ಅವ್ವ. “ಅಂವನ.”

ಅಪ್ಪ ಚಪ್ಪಲಿ ಕೈಯಲ್ಲೇ ಹಿಡಿದು ನಿಂತ.

“ನಾನ ಕೊಟ್ಟಿದ್ದೆ,” ಎಂದಳು. ದನಿ ನೆಟ್ಟಗಿತ್ತು. “ನೀ ಬಸ್ಸಿಗಿ ಹೋದಿ. ನಿಮ್ಮಪ್ಪ ಸಿಟ್ಟಿನ್ಯಾಗ ಆ ಸೀರಿ ನೆನೆಸಿದ್ದ ನೀರು ಬಕೀಟಗಟ್ಟಲೆ ಅವನ ಮ್ಯಾಲ ಒಗದ. ತಲೀ ಇಂದ ಕಾಲತನ ಕೆಂಪಗಾಗಿ ನಿಂತಿದ್ದ ನನ್ನ ಕೂಸು. ಅವನ ಬ್ಯಾರೆ ಅಂಗಿ ಎಲ್ಲಾ ಹಗ್ಗದ ಮ್ಯಾಲ ಹಸೀ ಇದ್ದೂ. ನಿಮ್ಮಪ್ಪ ಒಳಗ ಹೋದಾಗ ಇಸ್ತ್ರಿ ಗಂಟಿನ ಮ್ಯಾಲಿನ ಅಂಗಿ ತಗದು ಕೊಟ್ಟೆ. ಅಂವ ಬ್ಯಾಡಂದ, ಗಿರಾಕೀದು ಅಂದ. ಅಪ್ಪಗ ತಿಳೀಲಾರದಂಗ ಸಂಜೀ ಒಳಗ ತಂದು ಇಡು ಅಂತ ನಾನ ಹಾಕಿಸಿ ಕಳಿಸಿದೆ. ಇವತ್ತ ಅಂಗಿ ಬಣ್ಣ ಕೇಳಿದಾಗ ತಿಳೀತು.”

“ಮತ್ತ ರೊಟ್ಟಿ ನೀಡೂಮುಂದ ಯಾಕ ಹೇಳಲಿಲ್ಲ?” ಎಂದ ಅಪ್ಪ.

“ಹೇಳಿದ್ರ ನೀವು ಉಣ್ಣತಿದ್ರೇನು?” ಎಂದಳು ಅವ್ವ.

ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತ. ಅವನು ಅಳತೊಡಗಿದ. ನನಗೆ ಅಳು ಬರಲಿಲ್ಲ. ಹೇಳಬೇಕಾದ್ದು ಇನ್ನೂ ಒಂದು ಉಳಿದಿತ್ತು. ಈಗ ಹೇಳದಿದ್ದರೆ ಸಾಯುವತನಕ ಹೇಳುವುದಿಲ್ಲ ಎಂದು ಗೊತ್ತಿತ್ತು.

“ಆವತ್ತ ನೀ ಕೇಳಿದ್ದಿ, ನಾ ಸುಳ್ಳ ಹೇಳಿದೆ. ಅಂವ ನನ್ನ ಕಡೆ ಬಂದಿದ್ದ ಅವ್ವಾ. ಕಾಲೇಜಿಗಿ ಬಂದಿದ್ದ.”

ಬೈಯಲಿ, ಹೊಡೆಯಲಿ ಎಂದು ಕಾದೆ. ಅವ್ವನ ಮುಖ ಸ್ವಲ್ಪ ಅರಳಿದ ಹಾಗಾಯಿತು. ಮುಂದಕ್ಕೆ ಬಾಗಿ ನನ್ನ ಎರಡೂ ಕೈ ಹಿಡಿದುಕೊಂಡಳು.

“ನೋಡಿದೀ ಹಂಗಾರ ನೀ ಅವನ್ನ! ಶೇಠ್ರ ಅಂಗಿ ಸರಿ ಆಗಿತ್ತೇನ ಅವಗ? ತೋಳು ಉದ್ದ ಆಗತಾವೇನೋ ಅಂತಿದ್ದೆ ನಾ. ಹೆಂಗ ಕಾಣತಿದ್ದ?”

ನಾನು ಗೇಟಿನತನಕ ಹೋಗಿರಲಿಲ್ಲ.